ಸೈಕಲ್ ತುಳಿದು ತವರಿಗೆ

ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಇಡುವುದು ಹೆಲ್ಮೆಟ್ಟಿನಲ್ಲಿ. ಮನೆಗೆ ಬಂದವರು ಅಡುಗೆಮನೆಯ ಮೊಳೆಗೆ ತಲೆಕೆಳಗಾಗಿ ಜೋತುಬಿದ್ದಿರುವ ಅದನ್ನು ನೋಡಿ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನಮ್ಮ ಯಜಮಾನರ ಮುಖ ನೋಡುತ್ತಾರೆ, ಆಮೇಲೆ ಏನೂ ಕೇಳದೆ ಕಾಫಿ ಕುಡಿದು ಹೋಗುತ್ತಾರೆ. ಅದರಲ್ಲಿ ಮುಚ್ಚುಮರೆ ಏನಿಲ್ಲ. ಅದು ಸೈಕಲ್ ತುಳಿಯುವವರು ಹಾಕಿಕೊಳ್ಳುವ ಹೆಲ್ಮೆಟ್ಟು. ಮೈತುಂಬ ಕಿಂಡಿಗಳು, ಚೆನ್ನಾಗಿ ಗಾಳಿಯಾಡುತ್ತದೆ, ಬೆಳ್ಳುಳ್ಳಿಗೆ ಹೇಳಿ ಮಾಡಿಸಿದ ಹಾಗಿದೆ. ನನ್ನ ತಲೆಗೆ ಮಾತ್ರ ಹೇಳಿ ಮಾಡಿಸಿದ್ದಲ್ಲ. ಹೆಂಗಸರಿಗೆ ತುರುಬು ಅಂತ ಒಂದಿರುತ್ತದೆ ಎಂಬುದನ್ನೇ ಮರೆತವರು ಯಾರೋ ಅದನ್ನು ಮಾಡಿದ್ದಾರೆ. ಅದಕ್ಕೇ ನಾನು ಬೇರೆ ದೊಡ್ಡದೊಂದು ತರಿಸಿಕೊಂಡು ಇದನ್ನು ಒಲೆ ಪಕ್ಕಕ್ಕೆ ವರ್ಗ ಮಾಡಿದೆ. ನಿನ್ನೆ ಒಗ್ಗರಣೆಗೆಂದು ಕೈ ಹಾಕಿದಾಗ ಪಟ್ಟಿಯ ಸಂದಿಯಿಂದ ಒಂದು ಚಿಟಿಕೆ ಕೆಂಪು ಮಣ್ಣು ಉದುರಿ ಬಾಣಲೆಗೆ ಬಿತ್ತು. ಅದು ಚಿನ್ನಹಗರಿ ಹೊಳೆ ದಂಡೆಯ ಮಣ್ಣು. ನಾನು ಸೌಟು ಹಿಡಿದುಕೊಂಡು ಒಬ್ಬಳೇ ನಗುತ್ತಾ ನಿಂತೆ. ಸಾಸಿವೆ ಸೀದುಹೋಯಿತು.

ಹೆಲ್ಮೆಟ್ಟು ಮೊದಲು ಅನಘಾಳದು. ನಾವಿರುವುದು ಚಳ್ಳಕೆರೆಯಲ್ಲಿ. ಮಗಳು ನರ್ಸಿಂಗ್ ಓದಿ ತುಮಕೂರಿಗೆ ಕೆಲಸಕ್ಕೆ ಹೋದಮೇಲೆ ಮಹಡಿಯ ಕೋಣೆ ಖಾಲಿ ಇತ್ತು. ಕುದಾಪುರದ ಕಡೆ ಎದ್ದಿರುವ ವಿಜ್ಞಾನದ ಕ್ಯಾಂಪಸ್ಸುಗಳಲ್ಲಿ ಒಂದಕ್ಕೆ ಕೆಲಸಕ್ಕೆ ಬಂದ ಪುಣೆಯ ಹುಡುಗಿ ಅನಘಾ ಆ ಕೋಣೆಗೆ ಬಂದಳು. ಅಲ್ಲಿ ಏನು ಕೆಲಸ ಅಂತ ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದಳು. ಹೀಗಾಗಿ ನಮ್ಮ ಬೀದಿಯವರೆಲ್ಲ ಅವಳು ರಾಕೆಟ್ ಮಾಡುತ್ತಾಳೆ ಅಂತ ತೀರ್ಮಾನಿಸಿಬಿಟ್ಟರು. ರಾಕೆಟ್ ಮಾಡುವ ಹುಡುಗಿ ಭಾನುವಾರ ಬೆಳಗಾದರೆ ಸೈಕಲ್ ಏರಿ ಹೋಗುವುದು ಅವರಿಗೆ ಸ್ವಲ್ಪ ಬೇಸರದ ವಿಷಯವಾಗಿತ್ತು.

ಆ ಸೈಕಲ್ಲು ಮಾಮೂಲಿಯದಲ್ಲ. ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿತ್ತು. ಟೈರು ದಪ್ಪ. ಟಾರಿಲ್ಲದ ಗರಸು ದಾರಿಗೆಂದೇ ಇಂಥ ಸೈಕಲ್ ಮಾಡುತ್ತಾರಂತೆ, ಹೊರದೇಶಗಳಲ್ಲಿ ಜನ ರಜೆ ಹಾಕಿ, ನದಿ ಪಕ್ಕದ ಗರಸು ದಾರಿಗಳನ್ನು ಹುಡುಕಿಕೊಂಡು ಹೋಗಿ ದಿನವಿಡೀ ತುಳಿಯುತ್ತಾರಂತೆ. ಅವಳು ಹೇಳುವಾಗ ನಾನು ಸೀರೆಗೆ ಕುಚ್ಚು ಕಟ್ಟುತ್ತಾ ಕೂತಿದ್ದೆ. ಅದೇ ನನ್ನ ಕಸುಬು. ನನಗೆ ಎಷ್ಟು ನಗು ಬಂತೆಂದರೆ ಕುಚ್ಚಿನ ಗಂಟು ತಪ್ಪಿತು. ನಮ್ಮ ಸುತ್ತಲಿನ ಹಳ್ಳಿಯವರು ಗರಸು ರಸ್ತೆಗೆ ಟಾರು ಹಾಕಿಸಿ ಅಂತ ಅರ್ಜಿ ಬರೆದೂ ಬರೆದೂ ಸೋತಿದ್ದಾರೆ. ಓಟು ಕೇಳಲು ಬಂದವರು ಟಾರಿನ ಮೇಲೆ ಆಣೆ ಮಾಡಿ ಹೋಗಿದ್ದಾರೆ. ಆ ರಸ್ತೆಯನ್ನೇ ಹುಡುಕಿಕೊಂಡು ಬರುವ ಜನ ಇದ್ದಾರೆ ಅಂತ ಗೊತ್ತಿದ್ದರೆ ಇಷ್ಟು ಹೊತ್ತಿಗೆ ನಾವು ಬೋರ್ಡು ಹಾಕಿ ಕೂರುತ್ತಿದ್ದೆವು.

ನನಗೂ ಸೈಕಲ್ಲಿಗೂ ಹಳೆಯ ನಂಟಿತ್ತು, ಆದರೆ ಅದು ಚೆನ್ನಾಗಿ ಮುಗಿದಿರಲಿಲ್ಲ. ನನ್ನ ತವರು ಮೊಳಕಾಲ್ಮೂರಿನ ನೇಕಾರರ ಬೀದಿ. ಮನೆಯಲ್ಲಿ ತೆಲುಗು, ಬೀದಿ ದಾಟಿದರೆ ಕನ್ನಡ. ಚಿಕ್ಕವಳಿದ್ದಾಗ ನಮ್ಮಣ್ಣ ಗಂಟೆ ಲೆಕ್ಕಕ್ಕೆ ಬಾಡಿಗೆ ಸೈಕಲ್ ತರುತ್ತಿದ್ದ. ಅವನು ಎರಡು ಸುತ್ತು ಹೊಡೆದು ಸುಸ್ತಾಗಿ ಕೂತಾಗ ನಾನು ಅದರ ಚೌಕಟ್ಟಿನೊಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಿದ್ದೆ. ಒಂದು ಬೆಳಿಗ್ಗೆ ಬೀದಿಯುದ್ದಕ್ಕೂ ಯಾರದೋ ಮನೆಯ ರೇಷ್ಮೆ ಹಾಸು ಎಳೆದು ಕಟ್ಟಿದ್ದರು. ಮಗ್ಗಕ್ಕೆ ಏರಿಸುವ ಮುಂಚೆ ಉದ್ದದ ಎಳೆಗಳನ್ನೆಲ್ಲ ಹಾಗೆ ಬೀದಿಯಲ್ಲಿ ಚಾಚಿ ಗಂಜಿ ಹಾಕುವುದು ನಮ್ಮಲ್ಲಿ ವಾಡಿಕೆ. ಬಾಡಿಗೆ ಸೈಕಲ್ಲಿಗೆ ಬ್ರೇಕು ಇಲ್ಲದಿರುವುದೂ ವಾಡಿಕೆ. ನಾನು ಆ ಹಾಸಿನೊಳಗೆ ಸೈಕಲ್ ಸಮೇತ ನುಗ್ಗಿ, ಜೇಡರ ಬಲೆಗೆ ಬಿದ್ದ ನೊಣದ ಹಾಗೆ ನಡುವೆ ನಿಂತೆ. ಬೀದಿಯ ಗಂಡಸರೆಲ್ಲ ಸೇರಿ ಮಧ್ಯಾಹ್ನದವರೆಗೆ ನನ್ನನ್ನು ಬಿಡಿಸಿದರು. ರೇಷ್ಮೆಗೆ ನೋವಾಗದ ಹಾಗೆ ಬಿಡಿಸಬೇಕಿತ್ತಲ್ಲ, ಅದಕ್ಕೇ ಅಷ್ಟು ಹೊತ್ತು. ಆಮೇಲೆ ನಮ್ಮಪ್ಪ, ಹೆಣ್ಣುಮಕ್ಕಳ ಕಾಲು ಮಗ್ಗದ ಕುಣಿಯಲ್ಲಿದ್ದರೆ ಊರಿಗೆ ಕ್ಷೇಮ ಅಂತ ಹೇಳಿ ನನ್ನನ್ನು ಮಗ್ಗಕ್ಕೆ ಕೂರಿಸಿದರು.

ಮದುವೆಯಾಗುವವರೆಗೆ ಮಗ್ಗ ತುಳಿದೆ. ಆ ಕಾಲಿನ ಬಲ ಎಲ್ಲೂ ಹೋಗಿರಲಿಲ್ಲ ಅಂತ ಗೊತ್ತಾದದ್ದು ಐವತ್ತರ ಹತ್ತಿರ, ಅನಘಾ ಒಂದು ಭಾನುವಾರ ನಮ್ಮ ಹಿತ್ತಲಿನಲ್ಲಿ ನನ್ನನ್ನು ಆ ಟಗರು ಕೊಂಬಿನ ಸೈಕಲ್ಲಿನ ಮೇಲೆ ಕೂರಿಸಿದಾಗ. ಅವಳು ತನಗೊಂದು ಹಳೆಯ ಸೈಕಲ್ ಹೊಂದಿಸಿಕೊಂಡಳು. ಇಬ್ಬರೂ ವಾರವಾರ ಹೋಗತೊಡಗಿದೆವು. ಜಾಲಿ ಮುಳ್ಳಿನ ಸೀಮೆ ನಮ್ಮದು. ಪಂಕ್ಚರ್ ಹಾಕುವುದನ್ನು ಅವಳು ಮೊದಲ ವಾರವೇ ಕಲಿಸಿದಳು. ವರ್ಗವಾಗಿ ಹೋಗುವಾಗ ಸೈಕಲ್ಲು, ಹೆಲ್ಮೆಟ್ಟು, ಗಾಳಿ ಹೊಡೆಯುವ ಸಣ್ಣ ಪಂಪು ಎಲ್ಲವನ್ನೂ ನನ್ನ ಕೈಗೆ ಕೊಟ್ಟು, ಆಂಟಿ, ನಿಮ್ಮ ತವರಿನ ತನಕ ನದಿ ದಂಡೆಯಲ್ಲೇ ಹೋಗಬಹುದು, ನಾನು ನೋಡಿದ್ದೇನೆ ಅಂದಳು.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮಳೆ ಚೆನ್ನಾಗಿ ಬಂದ ವರ್ಷ ಅದು. ಚಿನ್ನಹಗರಿ ನಮ್ಮ ಕಡೆ ನದಿ ಅನ್ನಿಸಿಕೊಳ್ಳುವುದಕ್ಕಿಂತ ಹಳ್ಳ ಅನ್ನಿಸಿಕೊಳ್ಳುವುದೇ ಹೆಚ್ಚು, ಆದರೆ ಆ ವರ್ಷ ನದಿಯ ಹಾಗೇ ನಡೆದುಕೊಳ್ಳುತ್ತಿತ್ತು. ಒಂದು ಶನಿವಾರ ಸಂಜೆ ಯಜಮಾನರಿಗೆ ಹೇಳಿದೆ: ನಾಳೆ ಬೆಳಿಗ್ಗೆ ಸೈಕಲ್ಲಿನಲ್ಲಿ ಮೊಳಕಾಲ್ಮೂರಿಗೆ ಹೋಗ್ತೀನಿ, ಅಣ್ಣನ ಮನೆಯಲ್ಲಿ ಉಳಿದು ಸೋಮವಾರ ಬರ್ತೀನಿ. ಅವರು ಫೋನಿನಲ್ಲಿ ಕ್ರಿಕೆಟ್ ನೋಡುತ್ತಾ ಹೂಂ ಅಂದರು. ನಮ್ಮ ಯಜಮಾನರು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಗಾಣದ ಯಂತ್ರ ನೋಡಿಕೊಳ್ಳುವವರು. ದಿನವಿಡೀ ಯಂತ್ರದ ಸದ್ದಿನಲ್ಲಿ ಇದ್ದು ಇದ್ದು, ಅವರ ಹೂಂ ಯಾವುದಕ್ಕೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಇದು ನನಗೆ ತಿಳಿದಿರಬೇಕಿತ್ತು.

ಬೆಳಕು ಹರಿಯುವ ಮೊದಲೇ ಹೊರಟೆ. ಚೂಡಿದಾರ, ಮೇಲೆ ಹೆಲ್ಮೆಟ್ಟು. ಸೀಟಿನ ಹಿಂದೆ ಕಟ್ಟಿದ ಚೀಲದಲ್ಲಿ ಅಲ್ಲಿ ಹೋಗಿ ಉಡಲು ಒಂದು ಸೀರೆ. ಫೋನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಆ ಸೀರೆಯ ಮಡಿಕೆಯೊಳಗೆ. ತಳಕು ಎಂಬ ಊರಿನ ಹತ್ತಿರ ಹೆದ್ದಾರಿ ಬಿಟ್ಟು ಹಳ್ಳದ ದಾರಿಗೆ ಇಳಿದಾಗ ಬಿಸಿಲು ಬಂದಿತ್ತು. ಅಲ್ಲಿಂದಾಚೆ ದಾರಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಹಳ್ಳ ತಿರುಗಿದ ಕಡೆ ತಿರುಗುತ್ತದೆ. ಒಂದು ಕಡೆ ಈಚಲು ಮರ, ಇನ್ನೊಂದು ಕಡೆ ಹೂ ಬಿಟ್ಟ ಶೇಂಗಾ ಹೊಲ, ದೂರದಲ್ಲಿ ಬಂಡೆ ಪೇರಿಸಿಟ್ಟ ಹಾಗೆ ಗುಡ್ಡಗಳು. ಟೈರಿನ ಕೆಳಗೆ ಗರಸು ಅಕ್ಕಿ ತೊಳೆಯುವಾಗ ಆಗುವಂಥ ಸದ್ದು ಮಾಡುತ್ತದೆ. ನಾನು ಹಾಡು ಕೂಡ ಹೇಳಿಕೊಂಡೆ. ಯಾರೂ ಇರಲಿಲ್ಲ ಅಂದುಕೊಂಡಿದ್ದೆ.

ಮೇಕೆ ಕಾಯುವ ಅಜ್ಜನೊಬ್ಬ ಈಚಲ ಬುಡದಲ್ಲಿ ಕೂತಿದ್ದ. ಗಾಳಿ ಧೂಳಿಗೆ ನನ್ನ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಅಜ್ಜ ಅದನ್ನು ನೋಡಿದ, ಹಿಂದಿನ ಚೀಲ ನೋಡಿದ. ಎಲ್ಲಿಗೆ ಅಂತ ಕೇಳಿದ. ಮೊಳಕಾಲ್ಮೂರಿಗೆ, ತವರಿಗೆ ಅಂದೆ.

"ಒಬ್ಬಳೇನವ್ವ? ಯಜಮಾನ?"

"ಮನ್ಯಾಗೆ ಮಲಗವ್ರೆ."

ಅಜ್ಜ ಮತ್ತೊಮ್ಮೆ ಚೀಲ ನೋಡಿ, "ಮಲಗ್ಲಿ ಬಿಡು. ಎದ್ದಮ್ಯಾಲೆ ಗೊತ್ತಾಗ್ತೈತೆ" ಅಂದ.

ನನಗೆ ಅರ್ಥವಾಗಲಿಲ್ಲ. ಮುಂದಿನ ಹಳ್ಳಿಯಲ್ಲಿ ಅರ್ಥವಾಯಿತು. ಅಲ್ಲೊಂದು ಟೀ ಹೋಟ್ಲು. ಅದರ ಮುಂದೆಯೇ ನನ್ನ ಹಿಂದಿನ ಚಕ್ರಕ್ಕೆ ಮುಳ್ಳು ಹೊಕ್ಕು ಗಾಳಿ ಹೋಯಿತು. ನಾನು ಚಕ್ರ ಬಿಚ್ಚಿ, ಟ್ಯೂಬು ಹೊರಗೆಳೆದು, ಮೊಣಕಾಲಿನ ಮೇಲೆ ಇಟ್ಟುಕೊಂಡು ಪ್ಯಾಚು ಹಚ್ಚತೊಡಗಿದೆ. ಹೋಟ್ಲಿನ ಒಡತಿ ಲಕ್ಷ್ಮಕ್ಕ ಎಂಬಾಕೆ ಹೊರಗೆ ಬಂದು ಎಲ್ಲಿಗೆ ಅಂತ ಕೇಳಿದಳು, ತವರಿಗೆ ಅಂದೆ. ಅವಳು ನೋಡಿದಳು. ಮಧ್ಯವಯಸ್ಸಿನ ಹೆಂಗಸೊಬ್ಬಳು, ಬಟ್ಟೆ ಚೀಲ, ಕೆಂಪು ಕಣ್ಣು, ತವರಿನ ದಾರಿ, ತನ್ನ ಪಂಕ್ಚರನ್ನು ತಾನೇ ಹಾಕಿಕೊಳ್ಳುತ್ತಿದ್ದಾಳೆ. ಗಂಡನ ಮನೆ ಬಿಟ್ಟು ಬಂದವಳು ಅನ್ನಲು ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾವ ಕೋರ್ಟಿಗೂ ಬೇಡ. ಒಂದು ತಟ್ಟೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದು ಮುಂದಿಟ್ಟು ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತಳು.

"ಹೊಡೆದ್ನಾ?" ಅಂತ ಮೆಲ್ಲಗೆ ಕೇಳಿದಳು.

"ಇಲ್ಲಕ್ಕ."

"ಬೈದ್ನಾ?"

"ಇಲ್ಲ, ಜಗಳ ಏನೂ ಇಲ್ಲ. ಸುಮ್ನೆ ಸೈಕಲ್ಲಾಗೆ ಹೊಂಟೀನಿ."

"ಮಾತೇ ಆಡಲ್ವಾ?"

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಸ್ವಲ್ಪ ಯೋಚನೆ ಮಾಡಿದೆ. ನಿಜಕ್ಕೂ ನಮ್ಮ ಯಜಮಾನರು ಹೆಚ್ಚು ಮಾತಾಡುವವರಲ್ಲ. ನಾನು ಯೋಚಿಸಿದ ಆ ಅರೆಗಳಿಗೆಯೇ ಸಾಕಾಯಿತು. ಲಕ್ಷ್ಮಕ್ಕ ನಿಟ್ಟುಸಿರು ಬಿಟ್ಟು, ಅದು ಹೊಡೆಯುವುದಕ್ಕಿಂತ ಕೆಟ್ಟದ್ದು ಅಂತ ಒಳಗಿದ್ದ ಹೆಂಗಸರನ್ನೂ ಕರೆದಳು. ಅವರಲ್ಲಿ ಒಬ್ಬೊಬ್ಬರೂ ತಮ್ಮ ಗಂಡಂದಿರ ಮೌನ ಎಂಥದ್ದು ಅಂತ ಹೇಳಲು ಶುರು ಮಾಡಿದರು. ಪ್ಯಾಚು ಒಣಗುವಷ್ಟರಲ್ಲಿ ಆ ಊರಿನ ಅರ್ಧ ಸಂಸಾರಗಳು ನನಗೆ ತಿಳಿದುಹೋದವು. ನಾನು ಇಲ್ಲ ಇಲ್ಲ ಅಂದಷ್ಟೂ ಅವರಿಗೆ ನನ್ನ ಮೇಲೆ ಗೌರವ ಹೆಚ್ಚುತ್ತಿತ್ತು, ಗಂಡನ ಮಾನ ಕಾಪಾಡುತ್ತಿದ್ದಾಳೆ ಅಂತ. ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದ ರೈತನೊಬ್ಬ ನಮ್ಮ ಯಜಮಾನರ ಮಿಲ್ಲಿಗೇ ಶೇಂಗಾ ಹಾಕುವವನು. ಅವನು ಯಾವ ಮಿಲ್ಲು, ಯಾವ ಪಾಳಿ ಅಂತ ಕೇಳಿ ತಿಳಿದುಕೊಂಡು ಟೀ ಲೋಟ ಅಲ್ಲೇ ಬಿಟ್ಟು ಫೋನು ಹಿಡಿದುಕೊಂಡು ಮರದ ಆಚೆಗೆ ಹೋದ. ನನಗೆ ಸಂಶಯ ಬರಲಿಲ್ಲ. ನಾನು ಬಜ್ಜಿ ತಿನ್ನುತ್ತಿದ್ದೆ, ಬಜ್ಜಿ ಬಹಳ ಚೆನ್ನಾಗಿತ್ತು.

ಅಲ್ಲಿಂದ ಮುಂದೆ ಸುದ್ದಿ ನನಗಿಂತ ಮುಂದೆ ಓಡಿತು. ಇನ್ನೊಂದು ಹಳ್ಳಿಯಲ್ಲಿ ಹೆಂಗಸೊಬ್ಬಳು ರಸ್ತೆಗೇ ಬಂದು ಮಜ್ಜಿಗೆ ಕೊಟ್ಟಳು. ಮತ್ತೊಂದರಲ್ಲಿ ಟ್ರ್ಯಾಕ್ಟರಿನವನು ನಿಲ್ಲಿಸಿ, ಅಮ್ಮಾ, ದುಡುಕಬ್ಯಾಡ್ರಿ, ಕೆರೆ ಕಡೆ ಹೋಗಬ್ಯಾಡ್ರಿ ಅಂತ ಕೈಮುಗಿದ. ನಾನು ನಗಲೂ ಆಗದೆ ಅಳಲೂ ಆಗದೆ ಪೆಡಲ್ ತುಳಿದೆ. ಫೋನು ತೆಗೆಯೋಣ ಅಂದುಕೊಂಡೆ. ಸೀರೆಯ ಮಡಿಕೆ ಹಾಳಾದೀತು ಅಂತ ಬಿಟ್ಟೆ. ಹೆಂಗಸರ ಬುದ್ಧಿ ಅನ್ನಬೇಡಿ, ಅದು ಇಸ್ತ್ರಿ ಮಾಡಿದ ಸೀರೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನಮ್ಮ ಬೀದಿಗೆ ಬಂದೆ. ಮಗ್ಗಗಳ ಸದ್ದು ಇರಲಿಲ್ಲ. ನಮ್ಮಣ್ಣನ ಮನೆ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಯಾರಿಗೆ ಏನಾಯಿತೋ ಅಂತ ಸೈಕಲ್ ಅಲ್ಲೇ ನಿಲ್ಲಿಸಿ ಓಡಿದೆ. ಒಳಗೆ ಹೋಗಿ ನೋಡಿದರೆ ಆದದ್ದು ನನಗೇ. ಜಗಲಿಯ ತುಂಬ ಬೀದಿಯ ಹಿರಿಯರು. ನಡುವೆ ನಾವೆಲ್ಲ ಪೆದ್ದಯ್ಯ, ಅಂದರೆ ತೆಲುಗಿನಲ್ಲಿ ದೊಡ್ಡಯ್ಯ, ಅಂತ ಕರೆಯುವ, ಎಲ್ಲರ ಮನೆಯ ನ್ಯಾಯ ಹೇಳುವ ಅಜ್ಜ. ಗೋಡೆ ಪಕ್ಕದಲ್ಲಿ ನಮ್ಮ ಯಜಮಾನರು. ಬಸ್ಸು ಹತ್ತಿ ನನಗಿಂತ ಮುಂಚೆ ಬಂದುಬಿಟ್ಟಿದ್ದಾರೆ. ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ಕಾಲಲ್ಲಿದ್ದ ಎರಡು ಚಪ್ಪಲಿ ಎರಡು ಜೋಡಿಯವು, ಅವುಗಳಲ್ಲಿ ಒಂದು ನನ್ನದು. ಅವುಗಳನ್ನು ಬಿಟ್ಟು ಒಳಗೆ ಬರಬೇಕು ಎಂಬುದೂ ಅವರಿಗೆ ಹೊಳೆದಿರಲಿಲ್ಲ.

ವದಿನೆ, ಅಂದರೆ ಅಣ್ಣನ ಹೆಂಡತಿ, ನನ್ನನ್ನು ಅಪ್ಪಿಕೊಂಡು ಅತ್ತಳು. ಅತ್ತುಕೊಂಡೇ ಕಿವಿಯಲ್ಲಿ ಎಲ್ಲ ಹೇಳಿದಳು. ನಾನು ಬರುವ ಮೊದಲೇ ವಿಚಾರಣೆ ನಡೆದಿತ್ತಂತೆ. ಏನು ಮಾಡಿದೆ ಅಂತ ಕೇಳಿದರೆ ಈ ಮನುಷ್ಯನಿಗೆ ತಾನು ಏನು ಮಾಡಿದ್ದೆ ಅಂತ ಗೊತ್ತಿರಲಿಲ್ಲ. ಹೆಂಡತಿ ಮನೆ ಬಿಟ್ಟು ಹೋಗಿದ್ದಾಳೆ ಅಂತ ಫೋನು ಬಂದದ್ದು ಮಾತ್ರ ಗೊತ್ತು. ಹೀಗಾಗಿ ಇದಿರಬಹುದೇ, ಅದಿರಬಹುದೇ ಅಂತ ನೆನಪಾದದ್ದನ್ನೆಲ್ಲ ಒಪ್ಪಿಕೊಂಡಿದ್ದಾರೆ. ಸಕ್ಕರೆ ಕಾಯಿಲೆ ಇದ್ದೂ ಮಿಲ್ಲಿನ ಎದುರು ದಿನಾ ಜಿಲೇಬಿ ತಿನ್ನುವುದು. ನನ್ನ ಸಾರು ನೀರಾಗಿರುತ್ತದೆ ಅಂತ ಜೊತೆಯವರ ಮುಂದೆ ಹೇಳಿದ್ದು. ಕಳುವಾಯಿತು ಅಂತ ನಾನು ವರ್ಷಗಟ್ಟಲೆ ಪಕ್ಕದ ಮನೆಯವಳ ಮೇಲೆ ಅನುಮಾನಪಟ್ಟ ಹಿತ್ತಾಳೆ ಕೊಡ ನಿಜವಾಗಿ ಅವರ ತಂಗಿಯ ಮನೆಯಲ್ಲಿ ಇರುವುದು. ಇವುಗಳಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ. ಅವತ್ತು ನಾನು ಜಗಳವಿಲ್ಲದೆ ಬಂದವಳು. ಕೊಡದ ವಿಷಯ ಕೇಳಿದ ಮೇಲೆ ಹಾಗೆ ಹೇಳಲು ಬರುವಂತಿರಲಿಲ್ಲ.

ಆದರೂ ನಿಜ ಹೇಳಿದೆ. ಸುಮ್ಮನೆ ಬಂದೆ, ಹಳ್ಳದ ದಾರಿ ಚೆನ್ನಾಗಿತ್ತು, ಅಷ್ಟೇ ಅಂದೆ. ಯಾರೂ ನಂಬಲಿಲ್ಲ. ಬಸ್ಸಿರುವಾಗ ಯಾರಾದರೂ ಅಷ್ಟು ದೂರ ಸುಮ್ಮನೆ ತುಳಿಯುತ್ತಾರೆಯೇ ಅಂತ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೆದ್ದಯ್ಯ ಗಂಟಲು ಸರಿಮಾಡಿಕೊಂಡು, ಎಲ್ಲಕ್ಕೂ ಮೂಲ ಆ ಸೈಕಲ್ಲು, ಅದು ಇಲ್ಲೇ ಇರಲಿ, ಹೆಣ್ಣುಮಗಳು ಬಸ್ಸಿನಲ್ಲಿ ಗಂಡನ ಜೊತೆ ವಾಪಸು ಹೋಗಲಿ ಅಂತ ತೀರ್ಪು ಕೊಟ್ಟರು. ಅಣ್ಣ ಆಗಲೇ ಎದ್ದು ಸೈಕಲ್ಲನ್ನು ಒಳಗೆ, ಹಳೆಯ ಮಗ್ಗದ ಕೋಣೆಗೆ ತಳ್ಳಲು ಹೋದ.

ಆ ಕೋಣೆಗೆ ಹೋದ ಯಾವ ವಸ್ತುವೂ ಹೊರಗೆ ಬಂದದ್ದನ್ನು ನಾನು ನೋಡಿಲ್ಲ. ಪೆದ್ದಯ್ಯ ಕೊನೆಯದಾಗಿ ಅನ್ನುವ ಹಾಗೆ ನನ್ನ ಕಡೆ ತಿರುಗಿ, "ಏಮ್ಮಾ, ನಿನ್ ಮನಸಿನಾಗೆ ಏನಾದ್ರೂ ಇದ್ರೆ ಹೇಳು. ಇವತ್ತು ಎಲ್ಲಾರೂ ಅದೀವಿ" ಅಂದರು.

ನೋಡಿ, ಆ ಪ್ರಶ್ನೆಯನ್ನು ನನಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಮದುವೆಗೆ ಮುಂಚೆ ಇಲ್ಲ, ಆಮೇಲೆ ಇಲ್ಲ. ಏನೂ ಇಲ್ಲ ಅನ್ನಲು ಬಾಯಿ ತೆರೆದೆ. ಬೇರೆಯೇ ಮಾತು ಬಂತು.

"ಇವರು ಯಾವಾಗ್ಲೂ ಮುಂದೆ ಮುಂದೆ ನಡೀತಾರೆ" ಅಂದೆ. "ಸಂತೆಗೆ ಹೋಗ್ಲಿ, ಆಸ್ಪತ್ರೆಗೆ ಹೋಗ್ಲಿ. ನಾನು ಹಿಂದೆ ಓಡ್ತೀನಿ. ಇಷ್ಟು ವರ್ಷ ಸಂಸಾರ ಮಾಡಿ ನಾನು ನೋಡಿದ್ದೆಲ್ಲ ಇವರ ಬೆನ್ನು. ಸೈಕಲ್ಲಾಗೆ ಹೋಗುವಾಗ ಮುಂದೆ ಯಾರೂ ಇರಲ್ಲ."

ಬಾಗಿಲ ಹಿಂದೆ ನಿಂತಿದ್ದ ಪೆದ್ದಯ್ಯನ ಹೆಂಡತಿ ಕೆಮ್ಮಿದರು. ಅದು ನೆಗಡಿಯ ಕೆಮ್ಮಲ್ಲ. ಪೆದ್ದಯ್ಯ ಆ ಕಡೆ ನೋಡದೆ ತಮ್ಮ ಟವಲ್ಲನ್ನು ಮಡಚಿ ಬಿಚ್ಚಿ ಮತ್ತೆ ಮಡಚಿದರು. ಗಂಡಸರು ಒಬ್ಬೊಬ್ಬರೂ ತಮ್ಮ ಕಾಲುಗಳನ್ನು ನೋಡಿಕೊಳ್ಳುತ್ತಿದ್ದರು. ಹೇಳಬಾರದ್ದು ಹೇಳಿಬಿಟ್ಟೆನೇನೋ ಅಂದುಕೊಂಡೆ.

ನಮ್ಮ ಯಜಮಾನರು ಎದ್ದು ನಿಂತರು. ಅಣ್ಣನ ಕೈಯಿಂದ ಸೈಕಲ್ ಬಿಡಿಸಿಕೊಂಡು ಗೋಡೆಗೆ ಒರಗಿಸಿದರು. "ಇದು ಅವಳ್ದು. ಅವಳ ಹತ್ರಾನೇ ಇರ್ಲಿ" ಅಂದರು. ಆಮೇಲೆ ಚಪ್ಪಲಿ ನೆನಪಾಗಿ ಹೊರಗೆ ಹೋಗಿ ಬಿಟ್ಟು ಬಂದರು.

ಆ ರಾತ್ರಿ ವದಿನೆ ಶೇಂಗಾ ಹೋಳಿಗೆ ಮಾಡಿದಳು. ಸಕ್ಕರೆ ಕಾಯಿಲೆಯ ಜಿಲೇಬಿ ವಿಷಯ ಬಯಲಾಗಿದ್ದರಿಂದ ಯಜಮಾನರ ಎಲೆಗೆ ಯಾರೂ ಬಡಿಸಲಿಲ್ಲ. ಸೋಮವಾರ ಬೆಳಿಗ್ಗೆ ನಾನು ಸೈಕಲ್ ಹೊರಗೆ ತಂದಾಗ ಅವರು ಅಣ್ಣನ ಮಗಳಿಗೆ ಶಾಲೆಯಲ್ಲಿ ಕೊಟ್ಟಿದ್ದ, ಮುಂದೆ ಬುಟ್ಟಿ ಇರುವ ಸೈಕಲ್ಲು ಹಿಡಿದುಕೊಂಡು ನಿಂತಿದ್ದರು. ಅದು ಅವಳಿಗೆ ಈಗ ಬೇಡವಾಗಿತ್ತು. ನೀನು ಒಬ್ಬಳೇ ಹೋದರೆ ದಾರಿಯುದ್ದಕ್ಕೂ ಮತ್ತೆ ಫೋನು ಮಾಡುತ್ತಾರೆ, ಮಿಲ್ಲಿಗೆ ರಜೆ ಹಾಕಿ ಹಾಕಿ ಓಡಿ ಬರಲು ನನಗೆ ಆಗುವುದಿಲ್ಲ ಅಂದರು. ಸೈಕಲ್ ಹತ್ತಿ ಎಷ್ಟು ಕಾಲವಾಗಿತ್ತೋ. ಮೊಣಕಾಲು ಎರಡೂ ಆಚೆ ಈಚೆ ಚಾಚಿಕೊಂಡು, ಬುಟ್ಟಿಯಲ್ಲಿ ವದಿನೆ ಕಟ್ಟಿಕೊಟ್ಟ ಬುತ್ತಿ ಇಟ್ಟುಕೊಂಡು, ಬೀದಿಯ ಕೊನೆಯವರೆಗೆ ಹಾವಿನ ಹಾಗೆ ಹೋದರು. ಬೀದಿಯವರು ಬಾಗಿಲಲ್ಲಿ ನಿಂತು ನೋಡಿದರು. ಅವತ್ತು ಪುಣ್ಯಕ್ಕೆ ಯಾರೂ ಹಾಸು ಕಟ್ಟಿರಲಿಲ್ಲ.

ಹಳ್ಳದ ದಂಡೆಗೆ ಬಂದಮೇಲೆ ನಾನು ಮುಂದೆ, ಅವರು ಹಿಂದೆ. ಬೇಕಂತ ಮಾಡಿದ್ದಲ್ಲ, ಅವರ ಸೈಕಲ್ಲು ಅಷ್ಟೇ ಓಡುತ್ತಿತ್ತು. ಮರಳು ಬಂದ ಕಡೆ ಇಳಿದು ತಳ್ಳುತ್ತಿದ್ದರು, ಉಸಿರು ಕಟ್ಟಿದಾಗ ಈಚಲ ಮರ ಹಿಡಿದು ನಿಲ್ಲುತ್ತಿದ್ದರು. ಅವರ ಅಂಗಿಯಲ್ಲಿ ಯಾವಾಗಲೂ ಮಿಲ್ಲಿನ ಶೇಂಗಾ ಹಿಂಡಿಯ ವಾಸನೆ ಇರುತ್ತದಲ್ಲ, ದಾರಿ ಬದಿ ಮೇಯುತ್ತಿದ್ದ ಎಮ್ಮೆಯೊಂದು ಅವರ ಹಿಂದೆಯೇ ಬಹಳ ದೂರ ಬಂತು. ನನ್ನ ಹಿಂದೆ ಅವರು, ಅವರ ಹಿಂದೆ ಎಮ್ಮೆ, ಎಮ್ಮೆಯ ಹಿಂದೆ ಅದನ್ನು ಕರೆಯುತ್ತಾ ಅದರ ಒಡತಿ. ನಾನು ತಿರುಗಿ ನೋಡಿದರೆ ನಗು ಬರುತ್ತದೆ, ನಕ್ಕರೆ ಸೈಕಲ್ ಹೊರಳುತ್ತದೆ ಅಂತ ನೇರ ಮುಂದೆ ನೋಡಿಕೊಂಡೇ ತುಳಿದೆ.

ಹೊಂಗೆಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ನೀರು ಕಲ್ಲುಗಳ ನಡುವೆ ಹರಿಯುತ್ತಿತ್ತು. ಅವರು ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದರು. ಮೊಣಕಾಲು ನೋಯುತ್ತಿದೆಯೇ ಅಂತ ಕೇಳಿದೆ. ಅವರು ಹೇಳಿದರು:

"ಬೆನ್ನು ನೋಡ್ಕಂಡು ಬರೋದು ಕಷ್ಟ ಐತೆ ಕಣೇ. ಮುಂದೆ ಏನೈತೆ ಅಂತ ಒಂದೂ ಕಾಣಲ್ಲ."

ನಾನು ಚಟ್ನಿಪುಡಿ ಡಬ್ಬಿ ಅವರ ಕಡೆಗೆ ಸರಿಸಿದೆ.

ಅಲ್ಲಿಂದ ಮುಂದೆ ದಾರಿ ಸ್ವಲ್ಪ ಅಗಲವಾಗುತ್ತದೆ. ಶೇಂಗಾ ಹೊಲಗಳಿಗೆ ಹೋಗಿ ಬಂದು ಟ್ರ್ಯಾಕ್ಟರುಗಳು ಗರಸಿನಲ್ಲಿ ಎರಡು ಗಾಲಿ ಜಾಡು ಮಾಡಿವೆ, ನಡುವೆ ಹುಲ್ಲು ಬೆಳೆದಿದೆ. ಒಂದು ಜಾಡು ಸ್ವಲ್ಪ ನುಣುಪು, ಇನ್ನೊಂದರಲ್ಲಿ ಕಲ್ಲು ಜಾಸ್ತಿ. ನನ್ನ ಟೈರು ದಪ್ಪ, ಅದಕ್ಕೇ ನಾನು ಕಲ್ಲಿನ ಜಾಡಿಗೆ ಇಳಿದು ಪೆಡಲ್ ನಿಧಾನ ಮಾಡಿದೆ. ಅವರು ಬುಟ್ಟಿ ಗಡಗಡ ಅನ್ನಿಸಿಕೊಂಡು ಬಂದು ನುಣುಪಿನ ಜಾಡಿಗೆ ಇಳಿದರು. ಹುಲ್ಲಿನ ಆಚೆಗೊಬ್ಬರು ಈಚೆಗೊಬ್ಬರು, ತಳಕಿನ ಟಾರು ರಸ್ತೆ ಬರುವವರೆಗೂ ಹಾಗೇ ಹೋದೆವು. ನಡುವೆ ಒಂದೆರಡು ಸಲ ಅವರು ಏನೋ ಹೇಳಿದರು. ಗಾಳಿಯಲ್ಲಿ ಸರಿಯಾಗಿ ಕೇಳಿಸಲಿಲ್ಲ. ನಾನು ಹೂಂ ಅಂದೆ.